ಅತ್ತೆಯ ಕ್ಷೇಮ ಸಮಾಚಾರ

ಆರೋಗ್ಯ ಮತ್ತು ಯೋಗಕ್ಷೇಮದ ಮೇಲೆ ಸಂಶೋಧನೆ ಮಾಡುವವರ ಆರೋಗ್ಯ ಮತ್ತು ಯೋಗಕ್ಷೇಮವನ್ನು ಮೊದಲು ಯಾರಾದರೂ ವಿಚಾರಿಸಿಕೊಳ್ಳಬೇಕು. ಇದು ನನ್ನ ದೂರು. ಇಪ್ಪತ್ತೆರಡು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ದುಡಿದವಳು, ನಲವತ್ತೇಳನೆಯ ವಯಸ್ಸಿನಲ್ಲಿ ಸುಮ್ಮನಿರಲಾರದೆ ಇದೇ ವಿಷಯದ ಸಂಶೋಧನಾ ಸ್ನಾತಕೋತ್ತರ ಪದವಿಗೆ ಸೇರಿಕೊಂಡೆ. ಅಂದಿನಿಂದ ಸೊಂಟ ಹಿಡಿದುಕೊಂಡಿದೆ, ಕಣ್ಣು ಉರಿಯುತ್ತದೆ, ಮಾಡಿಟ್ಟ ಕಾಫಿ ನೆನಪಾಗುವುದು ಅದು ತಣ್ಣಗಾದ ಮೇಲೆ.

"ಹಿಂದೆಲ್ಲ ಕ್ಷೇಮ ಅನ್ನೋದನ್ನ ಕಾಗದದ ಮೊದಲನೇ ಸಾಲಲ್ಲೇ ಮುಗಿಸಿಬಿಡ್ತಿದ್ರು. ನೀನು ಅದಕ್ಕೆ ಎರಡು ವರ್ಷ ತಗೋತಿದ್ದೀಯಲ್ಲ!" ಎಂದು ನಮ್ಮವರ ತಮಾಷೆ. (ಕನ್ನಡಕದ ಅಂಗಡಿ ಇಟ್ಟುಕೊಂಡವರು. ಹೆಂಡತಿಯ ಕಷ್ಟವೊಂದನ್ನು ಬಿಟ್ಟು ಉಳಿದದ್ದೆಲ್ಲ ಅವರಿಗೆ ಸ್ಪಷ್ಟವಾಗಿ ಕಾಣುತ್ತದೆ.)

ಎಪ್ಪತ್ತು ದಾಟಿದ ಹೆಂಗಸರು ತಮ್ಮ ಕ್ಷೇಮದ ಬಗ್ಗೆ ತಾವೇ ಏನು ಹೇಳಿಕೊಳ್ಳುತ್ತಾರೆ ಎಂಬುದು ನನ್ನ ಸಂಶೋಧನೆಯ ವಿಷಯ. ನನ್ನ ಮಾರ್ಗದರ್ಶಕಿ ನನಗಿಂತ ಹದಿನೈದು ವರ್ಷ ಚಿಕ್ಕವರು. ನಾನು ಅವರನ್ನು ಮೇಡಂ ಅನ್ನುತ್ತೇನೆ, ಅವರು ನನ್ನನ್ನು ಮೇಡಂ ಅನ್ನುತ್ತಾರೆ. ನಾನು ಬರೆದುಕೊಟ್ಟ ಪ್ರಸ್ತಾವನೆಯನ್ನು ಎರಡು ಸಲ ಕೆಂಪು ಶಾಯಿಯಲ್ಲಿ ಅಭಿಷೇಕ ಮಾಡಿ ಹಿಂದಿರುಗಿಸಿದ್ದರು. ಮೂರನೆಯ ಸಲ ಅಂದರು: "ಮೊದಲು ಮನೇಲೇ ಒಬ್ಬರ ಸಂದರ್ಶನ ಮಾಡ್ಕೊಂಡು ಬನ್ನಿ ಮೇಡಂ, ಅಭ್ಯಾಸಕ್ಕೆ. ಒಂದೇ ನಿಯಮ. ಪ್ರಶ್ನೆ ಕೇಳಿ, ಆಮೇಲೆ ಬಾಯಿ ಮುಚ್ಕೊಂಡು ಕಾಯಿರಿ."

ಮನೆಯಲ್ಲಿ ಎಪ್ಪತ್ತು ದಾಟಿದವರು ಅತ್ತೆ ಒಬ್ಬರೇ. ಎಪ್ಪತ್ತೆಂಟು ವರ್ಷ. ನಲವತ್ತು ವರ್ಷ ಹೊಲಿಗೆ ಕೆಲಸ ಮಾಡಿದವರು, ಈಗಲೂ ಮುಂದಿನ ಕೋಣೆಯ ಕಿಟಕಿಯ ಬಳಿ ಮಿಷನ್ನಿನ ಮುಂದೆಯೇ ಅವರ ಠಿಕಾಣಿ. ನಾನು ಒಪ್ಪಿಗೆ ಪತ್ರ ಕೊಟ್ಟೆ. ಕನ್ನಡಕ ಏರಿಸಿಕೊಂಡು ಮೂರು ಪುಟವನ್ನೂ ಓದಿದರು.

"ಇದೇನಮ್ಮ ಇದು? ಕಾರಣ ಹೇಳದೆ ಯಾವಾಗ ಬೇಕಾದ್ರೂ ಎದ್ದು ಹೋಗಬಹುದು ಅಂತಿದೆ?"

"ಹೌದತ್ತೆ, ಅದು ನಿಮ್ಮ ಹಕ್ಕು."

"ಮದುವೆ ದಿನ ಯಾರೂ ಹೀಗೊಂದು ಕಾಗದ ಕೊಡಲಿಲ್ವಲ್ಲ ನಂಗೆ!" ಎಂದು ನಕ್ಕು ಸಹಿ ಹಾಕಿದರು.

ಭಾನುವಾರ ಮಧ್ಯಾಹ್ನ ಮೊಬೈಲಿನ ರೆಕಾರ್ಡರ್ ಒತ್ತಿ, ಗಂಟಲು ಸರಿಮಾಡಿಕೊಂಡು, ಪರಮ ಗಾಂಭೀರ್ಯದಿಂದ ಕೇಳಿದೆ: "ನಿಮ್ಮ ದಿನಗಳು ಹೇಗೆ ಕಳೀತಿವೆ, ಹೇಳಿ."

"ಚೆನ್ನಾಗಿದೆ," ಎಂದರು ಅತ್ತೆ.

ಬಾಯಿ ಮುಚ್ಚಿಕೊಂಡು ಕಾದೆ. ಅವರೂ ಕಾದರು. ಸೂಜಿಗೆ ದಾರ ಪೋಣಿಸಿದರು, ನನ್ನ ಮುಖ ನೋಡಿದರು, ಹೂಂ ಎಂದರು. ಒಂದು ನಿಮಿಷದ ಮೌನ ಎಷ್ಟು ಉದ್ದವಿರುತ್ತದೆ ಎಂಬುದು ನನ್ನಂಥ ಬಾಯಿಬಡುಕಿಗೆ ಮಾತ್ರ ಗೊತ್ತು. ಎರಡನೆಯ ನಿಮಿಷಕ್ಕೆ ನಾನು ಸೋತೆ.

"ಅಂದ್ರೆ... ನಾನು ಈಗೀಗ ಮನೇಲಿ ಇರೋದೇ ಕಡಿಮೆ, ನಿಮಗೆ ಬೇಜಾರಾಗತ್ತೇನೋ ಅಂತ."

"ಹೂಂ."

ಆ ಹೂಂನಲ್ಲಿ ಏನಿತ್ತೋ! ಕಟ್ಟೆ ಒಡೆಯಿತು. ವಾರ್ಡಿನಲ್ಲಿ ಎಂಥ ಕಷ್ಟದ ಹೆರಿಗೆಗೂ ಹೆದರದ ನಾನು ಇಲ್ಲಿ ಒಂದು ಪುಟ ಬರೆಯಲು ಹತ್ತು ಹಾಳೆ ಹರಿಯುವುದನ್ನು ಹೇಳಿದೆ. ನನ್ನ ಮಗಳ ವಯಸ್ಸಿನ ಸಹಪಾಠಿಗಳು ನಗುವಾಗ, ಏನೂ ಅರ್ಥವಾಗದೆ ನಾನೂ ನಗುವುದನ್ನು ಹೇಳಿದೆ. "ಹೆರಿಗೆಯಾದ ಮೇಲೆ ಎಲ್ಲರೂ ಮಗುನ ನೋಡ್ತಾರೆ ಅತ್ತೆ, ಕೆಲವರು ತಾಯಿನ ನೋಡ್ತಾರೆ. ಮೂಲೇಲಿ ಚೀಲ ಹಿಡ್ಕೊಂಡು ರಾತ್ರಿಯೆಲ್ಲ ಕೂತಿರೋ ಅಜ್ಜಿನ ಮಾತ್ರ ಹೇಗಿದ್ದೀರಿ ಅಂತ ಒಬ್ಬರೂ ಕೇಳಲ್ಲ. ಅದನ್ನ ಕೇಳಬೇಕು ಅಂತಲೇ ನಾನು ಓದೋಕೆ ಹೋಗಿದ್ದು. ಈಗ ನೋಡಿದ್ರೆ ನಿಮ್ಮನ್ನೇ ಕೇಳಿ ಎಷ್ಟು ತಿಂಗಳಾಯ್ತೋ!" ಎನ್ನುವಷ್ಟರಲ್ಲಿ ಮೂಗು ಸೊರಸೊರ.

"ಹೂಂ... ಆಮೇಲೆ?" ಎನ್ನುತ್ತಾ ಅತ್ತೆ ಹೊಲಿಯುತ್ತಿದ್ದ ಬಟ್ಟೆಯ ತುದಿಯಿಂದಲೇ ನನ್ನ ಕಣ್ಣು ಒರೆಸಿದರು.

ಆಮೇಲೆ ಎಂದು ಕೇಳಿದ ಮೇಲೆ ಇನ್ನೇನು ಮುಚ್ಚಿಡುವುದು? ಓದು ಬಿಡುತ್ತೇನೆಂದು ಬರೆದು, ಮೂರು ವಾರದಿಂದ ಬ್ಯಾಗಿನಲ್ಲಿಟ್ಟುಕೊಂಡು ತಿರುಗುತ್ತಿದ್ದ ಪತ್ರವನ್ನು ತೆಗೆದು ಅವರ ಮುಂದಿಟ್ಟೆ. ಅತ್ತೆ ಅದನ್ನೂ ಪೂರ್ತಿ ಓದಿದರು. ಬೆರಳಲ್ಲಿ ಹಾಳೆ ಉಜ್ಜಿ ನೋಡಿ, "ಕಾಗದ ಗಟ್ಟಿಯಾಗಿದೆ. ಕಾಲರಿನ ಅಳತೆಗೆ ಬರತ್ತೆ" ಎಂದು ಕತ್ತರಿ ತೆಗೆದುಕೊಂಡು, ನನ್ನ ರಾಜೀನಾಮೆಯನ್ನು ಕಾಲರಿನ ಆಕಾರಕ್ಕೆ ಕತ್ತರಿಸಿಯೇಬಿಟ್ಟರು! ನಾನು ಬಿಕ್ಕುತ್ತಲೇ ನಕ್ಕೆ. ಎದೆ ಹಗುರಾಯಿತು.

ಭಾರವಾದದ್ದು ಸೋಮವಾರ, ರೆಕಾರ್ಡಿಂಗನ್ನು ಅಕ್ಷರಕ್ಕಿಳಿಸಲು ಕೂತಾಗ. ನಲವತ್ತೆರಡು ನಿಮಿಷದಲ್ಲಿ ಮೂವತ್ತೆಂಟು ನಿಮಿಷ ನನ್ನದೇ ಪುರಾಣ. ಸಂದರ್ಶನ ಕೊಟ್ಟವರ ಮಾತು ಹುಡುಕಿದರೆ ಸಿಗುವುದು ಐವತ್ತಾರು ಹೂಂ. ಬೇರೆ ದಾರಿಯಿಲ್ಲದೆ ಅದನ್ನೇ ಮಾರ್ಗದರ್ಶಕಿಗೆ ಕಳಿಸಿ, ಬೈಗುಳಕ್ಕೆ ಬೆನ್ನು ಬಾಗಿಸಿ ಹೋದೆ.

ಅವರ ಕಣ್ಣು ತೇವವಾಗಿತ್ತು. "ಆ ಅಜ್ಜಿಯಂದಿರ ಮಾತು ಹೇಳಿದ್ರಲ್ಲ ಮೇಡಂ, ನಿಮ್ಮ ಪ್ರಸ್ತಾವನೆ ಶುರುವಾಗಬೇಕಾದದ್ದೇ ಅಲ್ಲಿಂದ. ಅದನ್ನ ಹಾಗೇ ಬರೀರಿ. ಆದ್ರೆ ಸಂದರ್ಶನ ಮಾಡೋ ಕಲೆ ಇರೋದು ನಿಮ್ಮ ಅತ್ತೆಗೆ. ಒಂದ್ಸಲ ಕ್ಲಾಸಿಗೆ ಕರ್ಕೊಂಡು ಬರ್ತೀರಾ?"

ಹೀಗೆ, ಸಂಶೋಧಕಿಯಾದ ನಾನು ಅತ್ತೆಯವರ ಚೀಲ ಹಿಡಿದುಕೊಂಡು ಹಿಂದಿನ ಬೆಂಚಿನಲ್ಲಿ ಕೂತೆ. ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು ಮುಂದಿನ ಕುರ್ಚಿಯಲ್ಲಿ ವಿರಾಜಮಾನರಾದರು. ಹನ್ನೊಂದು ವಿದ್ಯಾರ್ಥಿಗಳು ಪೆನ್ನು ಹಿಡಿದು ಕಾದಿದ್ದರು.

"ಅಮ್ಮಾ, ಒಂದೂ ಅಡ್ಡ ಮಾತಾಡದೆ ಅಷ್ಟು ಹೊತ್ತು ಹೇಗೆ ಕೇಳಿಸ್ಕೊಂಡ್ರಿ?" ಮಾರ್ಗದರ್ಶಕಿ ವಿನಯದಿಂದ ಕೇಳಿದರು.

"ಎಲ್ಲಿ ಕೇಳಿಸ್ಕೊಂಡೆ ತಾಯಿ?" ಎಂದರು ಅತ್ತೆ. "ಇವಳು ಏನೋ ಕೇಳಿದ್ಲು, ಚೆನ್ನಾಗಿದೆ ಅಂದೆ. ಅಷ್ಟರಲ್ಲಿ ಕಿವಿ ಮಿಷನ್ನಿನ ಬ್ಯಾಟರಿ ಹೋಯ್ತು. ಪಾಪ, ಪರೀಕ್ಷೆ ಅಂತಿದ್ಲು, ಎದ್ದರೆ ಎಲ್ಲಿ ನಪಾಸಾಗ್ತಾಳೋ ಅಂತ ಹೂಂ ಅಂತ ಕೂತೆ."

(ಅತ್ತೆಯ ಕಿವಿಯ ಯಂತ್ರ ನಮಗೆಲ್ಲ ಅವರ ಕನ್ನಡಕದಷ್ಟೇ ಮಾಮೂಲು, ನಿಮಗೆ ಹೇಳುವುದೇ ಮರೆತಿದ್ದೆ.) ಕ್ಲಾಸು ಬಿದ್ದು ಬಿದ್ದು ನಕ್ಕಿತು. ಒಬ್ಬಳು ಅದನ್ನೂ ಬರೆದುಕೊಂಡಳು.

ವಾಪಸು ಬರುವ ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡು ಕೂತಿದ್ದೆ. "ಹಾಗಾದ್ರೆ ನಾನು ಅತ್ತಿದ್ದೆಲ್ಲ ದಂಡ. ಒಂದು ಮಾತೂ ಕೇಳಿಸ್ಲಿಲ್ಲ ನಿಮಗೆ!"

"ಮಾತು ಕೇಳಿಸ್ಲಿಲ್ಲ. ಮುಖ ಕಾಣ್ತಿತ್ತಲ್ಲ," ಎಂದು ಅತ್ತೆ ನನ್ನ ಕೈ ಎಳೆದು ತಮ್ಮ ಮಡಿಲಲ್ಲಿಟ್ಟುಕೊಂಡರು. ಆಮೇಲೆ ಕಿವಿಗೆ ಬೆರಳಿಟ್ಟು ಯಂತ್ರ ಸರಿಮಾಡಿಕೊಂಡು, ಇಡೀ ಬಸ್ಸಿಗೆ ಕೇಳುವ ಹಾಗೆ ಅಂದರು: "ಇವತ್ತು ಹೊಸ ಬ್ಯಾಟರಿ ಹಾಕಿಸ್ಕೊಂಡೇ ಬಂದಿದ್ದೀನಿ. ಮನೆ ಮುಟ್ಟೋಕೆ ಇನ್ನೂ ಮುಕ್ಕಾಲು ಗಂಟೆ ಇದೆ. ಅವತ್ತು ಯಾಕೆ ಅಷ್ಟು ಅಳ್ತಿದ್ದೆ? ಮೊದಲಿಂದ ಹೇಳು."

ನಾನು ಸುತ್ತ ನೋಡಿದೆ. ಮುಂದಿನ ಸೀಟಿನಲ್ಲಿದ್ದ ಗಂಡ ಹೆಂಡತಿ ಇಬ್ಬರೂ ನಮ್ಮ ಕಡೆ ತಿರುಗಿ, ಬಾಯಿ ಮುಚ್ಚಿಕೊಂಡು, ಕಾಯುತ್ತಿದ್ದರು.