ಕಂಪ್ರೆಸರ್ ಸಾಹೇಬರ ಹೆಡ್‌ಫೋನ್ ಪರೀಕ್ಷೆ

ಸೂಪರ್‌ವೈಸರ್ ಸಾಹೇಬರು ತಮ್ಮ ಹೆಂಡತಿಯನ್ನು ಮೊಟ್ಟಮೊದಲು ನೋಡಿದ್ದು ಕೋಲ್ಡ್ ಸ್ಟೋರೇಜಿನ ಕಂಪ್ರೆಸರ್ ಕೋಣೆಯ ಬಾಗಿಲಲ್ಲಿ. ಆಗ ಆಕೆ ಕೃಷಿ ಕಾಲೇಜಿನ ವಿದ್ಯಾರ್ಥಿನಿ. ಬಿತ್ತನೆ ಆಲೂಗಡ್ಡೆಯನ್ನು ಹೇಗೆ ಕಾಪಿಡುತ್ತಾರೆ ಎಂದು ನೋಡಲು ತರಗತಿಯವರ ಜೊತೆ ಬಂದಿದ್ದರು. ನೀಲಿ ಸ್ವೆಟರಿನ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡಿದ್ದರು. ಕನ್ನಡಕಕ್ಕೆ ಕವಿದ ಹಬೆಯನ್ನು ಆ ತೋಳಿನಿಂದಲೇ ಒರೆಸಿಕೊಳ್ಳುತ್ತಿದ್ದರು. ಉಳಿದವರೆಲ್ಲ ಒಳಗಿನ ಚಳಿಯ ಬಗ್ಗೆ ಪ್ರಶ್ನೆ ಕೇಳುತ್ತಿದ್ದರೆ ಈಕೆ ಮಾತ್ರ ಎರಡೂ ಕಿವಿ ಮುಚ್ಚಿಕೊಂಡು ಕೂಗಿದರು: "ಸಾರ್, ಇದೇನು ಸದ್ದು?"

ಸಾಹೇಬರು ಸುತ್ತಮುತ್ತ ನೋಡಿ, "ಯಾವ ಸದ್ದು?" ಎಂದರು.

ಆಕೆ ಕನ್ನಡಕ ಜಾರಿ ಬೀಳುವಷ್ಟು ನಕ್ಕರು. ಅದನ್ನು ಎತ್ತಿಕೊಟ್ಟವರು ಸಾಹೇಬರು. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮದುವೆಯಾಗಿ ಸಂಸಾರ ಹೂಡಿದ್ದು ಕೋಲ್ಡ್ ಸ್ಟೋರೇಜಿನ ಆವರಣದ ಮನೆಯಲ್ಲಿ. ಮಲಗುವ ಕೋಣೆಗೂ ಕಂಪ್ರೆಸರ್ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಹಗಲೂ ರಾತ್ರಿ ಗೂಂ ಎನ್ನುವ ಆ ಸದ್ದು ಇದ್ದಾಗ ಸಾಹೇಬರಿಗೆ ಕೇಳಿಸುತ್ತಿರಲಿಲ್ಲ, ನಿಂತಾಗ ಮಾತ್ರ ಕೇಳಿಸುತ್ತಿತ್ತು! ಸ್ನಾನದ ನಡುವೆ ನಿಂತರೆ ಟವೆಲ್ ಸುತ್ತಿಕೊಂಡು, ಊಟದ ನಡುವೆ ನಿಂತರೆ ಕೈಯಲ್ಲಿ ತುತ್ತು ಹಿಡಿದುಕೊಂಡು, ಯುದ್ಧಕ್ಕೆ ಹೊರಟ ಸೇನಾಪತಿಯಂತೆ ಓಡುತ್ತಿದ್ದರು. ಅವರು ಸ್ವಿಚ್ಚುಗಳ ಪ್ಯಾನೆಲ್ ಮುಂದೆ ನಿಂತು, ಒಂದು ನಿಂತರೆ ಇರಲೆಂದು ಇಟ್ಟಿದ್ದ ಎರಡನೇ ಕಂಪ್ರೆಸರಿನ ಹಸಿರು ಗುಂಡಿ ಒತ್ತುವ ವೇಗಕ್ಕೆ ಕೆಲಸಗಾರರು ಬೆರಗಾಗುತ್ತಿದ್ದರು. "ನಮ್ ಸಾಹೇಬ್ರು ಮೊದ್ಲು ಗುಂಡಿ ಒತ್ತಿ, ಆಮೇಲೆ ಎಚ್ಚರ ಆಗ್ತಾರೆ" ಎಂದು ವೈರ್‌ಮ್ಯಾನ್ ಹೊಗಳುತ್ತಿದ್ದ.

ಈ ಶೌರ್ಯದ ಫಲ ಉಂಡವರು ಹೆಂಡತಿ. ನೆಂಟರ ಮನೆಗೆ ಒಬ್ಬರೇ, ಸಮುದ್ರ ನೋಡಲು ಒಬ್ಬರೇ, ಕೊನೆಗೆ ಹಲ್ಲು ಕೀಳಿಸಲೂ ಒಬ್ಬರೇ. "ಏನ್ರೀ, ನೀವು ಕಟ್ಟಿಕೊಂಡಿದ್ದು ನನ್ನನ್ನೋ, ಆ ಕಬ್ಬಿಣದವಳನ್ನೋ?" ಎಂದು ಕೇಳಿ ಕೇಳಿ ಅವರಿಗೂ ಸಾಕಾಗಿತ್ತು. ಅಷ್ಟರಲ್ಲಿ ಅವರು ಕಾಲೇಜಿನಲ್ಲಿ ಅಧ್ಯಾಪಕಿಯಾಗಿ, ಎಲ್ಲರಿಗೂ ಮೇಡಂ ಆಗಿ, ಆಲೂಗಡ್ಡೆ ಮೊಳೆಯದೆ ಎಷ್ಟು ಕಾಲ ನಿದ್ದೆ ಮಾಡುತ್ತದೆ ಎಂಬ ವಿಷಯದಲ್ಲಿ ದೊಡ್ಡ ಪಂಡಿತೆಯೂ ಆಗಿದ್ದರು. ಆ ಪಾಂಡಿತ್ಯಕ್ಕೇ ಈಗ ದೂರದ ದೇಶದ ಸಮ್ಮೇಳನದಿಂದ ಕರೆ ಬಂದಿತ್ತು. ಜೊತೆಗೊಬ್ಬರು ಬರಬಹುದು. ವಿಮಾನ ಇಳಿದ ಬೆಳಿಗ್ಗೆಯೇ ಭಾಷಣ.

"ಈ ಸಲ ನೀವು ಬರ್ಲಿಲ್ಲ ಅಂದ್ರೆ, ಮುಂದೆ ನಾನು ನಿಮ್ಮನ್ನ ಎಲ್ಲಿಗೂ ಕರೆಯಲ್ಲ" ಎಂದರು ಮೇಡಂ. ಕೂಗಾಡಲಿಲ್ಲ, ಮೆಲ್ಲಗೆ ಹೇಳಿದರು. ಸಾಹೇಬರಿಗೆ ಭಯವಾದದ್ದು ಅದಕ್ಕೇ.

ಮಾಲೀಕರ ಹತ್ತಿರ ಹೋಗಿ ರಜೆ ಕೇಳಿದರು. ಮಾಲೀಕರು ಹಿರಿಯ ಹೆಂಗಸು, ಎಲ್ಲರ ಬಾಯಲ್ಲೂ ಅಮ್ಮಾವ್ರು. "ನೀವಿಲ್ದೆ ಮಷೀನು ನಡೆಯುತ್ತೇನ್ರೀ?" ಎಂದು ಬಹಳ ಹೊತ್ತು ಯೋಚಿಸಿ, "ಆಯ್ತು, ಹೋಗಿ. ಆದ್ರೆ ನೀವು ಹೊರಡೋ ತನಕ ಮಷೀನ್ ಒಂದು ಗಳಿಗೆ ನಿಂತ್ರೂ ರಜೆ ಇಲ್ಲ. ಆಗ ನನಗೆ ಧೈರ್ಯ ಬರಲ್ಲ" ಎಂದರು.

ಸಾಹೇಬರು ಎದೆಯುಬ್ಬಿಸಿ ಮನೆಗೆ ಬಂದು ಘೋಷಿಸಿದರು: "ರಜೆ ಸಿಕ್ತು! ಇನ್ನು ಕೇಳು. ವಿಮಾನದಲ್ಲಿ ನಿನಗೆ ನಿದ್ದೆ ಬರೋ ಹಾಗೆ ಮಾಡೋದು ನನ್ನ ಜವಾಬ್ದಾರಿ. ಸದ್ದು ಅಡಗಿಸೋ ಹೆಡ್‌ಫೋನ್ ಬಂದಿದೆಯಂತೆ. ಅತ್ಯುತ್ತಮವಾದದ್ದನ್ನ ಆರಿಸಿ ತರ್ತೀನಿ. ಸದ್ದಿನ ವಿಷಯದಲ್ಲಿ ನನ್ನನ್ನ ಮೀರಿಸೋರು ಯಾರಿದ್ದಾರೆ?"

"ನಿಮಗೆ ಸದ್ದೇ ಕೇಳಿಸಲ್ವಲ್ರೀ!"

"ಅದೇ ಅನುಭವ ಅನ್ನೋದು."

ಅಂಗಡಿಯ ಹುಡುಗಿಗೆ ಅಂಥ ಗಿರಾಕಿ ಹಿಂದೆ ಸಿಕ್ಕಿರಲಿಲ್ಲ. ಕಿವಿಯೊಳಗೆ ತೂರಿಸುವಂಥದ್ದನ್ನು ಸಾಹೇಬರು ಮೊದಲೇ ತಳ್ಳಿಹಾಕಿದರು. "ನಿದ್ದೇಲಿ ಬಿದ್ದುಹೋದ್ರೆ ಸೀಟಿನ ಸಂದೀಲಿ ಯಾರಮ್ಮ ಹುಡುಕೋರು?" ಕಿವಿಯನ್ನು ಪೂರ್ತಿ ಮುಚ್ಚುವಂಥವನ್ನು ಒಂದೊಂದಾಗಿ ತಲೆಗೇರಿಸಿಕೊಂಡು, ಬಗ್ಗಿ, ಎದ್ದು, ಆಕಳಿಸಿ, ಸುಳ್ಳು ಸುಳ್ಳೇ ಅಗಿದು ನೋಡಿದರು. ಹೆಂಡತಿಯ ಹಳೆಯ ಕನ್ನಡಕವನ್ನು ತಂದಿದ್ದರು. ಅದನ್ನೂ ಹಾಕಿಕೊಂಡು, ಅದರ ಕಡ್ಡಿಯ ಪಕ್ಕದಿಂದ ಸದ್ದು ನುಸುಳುತ್ತದೆಯೇ ಎಂದು ಪರೀಕ್ಷಿಸಿದರು. ಕನ್ನಡಕದಿಂದ ಏನೂ ಕಾಣದೆ ಟೀವಿಯೊಂದಕ್ಕೆ ಹಣೆ ಬಡಿಸಿಕೊಂಡರು.

"ಇದು ಕೆಲಸ ಮಾಡೋದು ಹೇಗಮ್ಮ?"

"ಹೊರಗಿನ ಸದ್ದನ್ನ ಇದು ಮೊದ್ಲು ಕೇಳಿಸ್ಕೊಳ್ಳುತ್ತೆ ಸಾರ್. ಆಮೇಲೆ ಅದಕ್ಕೆ ತದ್ವಿರುದ್ಧ ಸದ್ದು ಮಾಡುತ್ತೆ. ಎರಡೂ ಸೇರಿ ಏನೂ ಇಲ್ದಂಗಾಗುತ್ತೆ."

"ನಮ್ಮನೇಲಿ ನಾನೊಂದು ಮಾತಾಡಿದಾಗ ಆಗೋದೂ ಇದೇ" ಎಂದರು ಸಾಹೇಬರು.

ಹುಡುಗಿ ನಗಲಿಲ್ಲ. ಅವಳಿಗೆ ಊಟದ ಹೊತ್ತು ಮೀರಿತ್ತು. "ಮಗು ಅತ್ರೆ, ಪಕ್ಕದವರು ಮಾತಾಡಿದ್ರೆ ಸ್ವಲ್ಪ ಕೇಳಿಸುತ್ತೆ ಸಾರ್. ಆದ್ರೆ ವಿಮಾನದ ಇಂಜಿನ್ ಇದ್ಯಲ್ಲ, ಒಂದೇ ಸಮ ಗೂಂ ಅನ್ನೋದು, ಅದು ಹೋಗೇಬಿಡುತ್ತೆ."

"ಅದನ್ನ ನಾನು ನಂಬೋದು ಹೇಗೆ? ನಿಮ್ಮಂಗಡೀಲಿ ವಿಮಾನ ಇದೆಯಾ?"

"ಏಸಿ ಇದೆ ಸಾರ್."

ಸಾಹೇಬರಿಗೆ ಏಸಿ ಸಾಲಲಿಲ್ಲ. ಒಂದು ಕರಿಯ ಹೆಡ್‌ಫೋನನ್ನು, ಹಿಡಿಸದಿದ್ದರೆ ವಾಪಸು ಕೊಡುವ ಮಾತಿನ ಮೇಲೆ ಕೊಂಡು ತಂದರು. ಮನೆಯಲ್ಲಿ ಮಿಕ್ಸಿ ಓಡಿಸಿ ನೋಡಿದರು, ವಾಷಿಂಗ್ ಮೆಷಿನ್ ತಿರುಗಿಸಿ ನೋಡಿದರು. ಎರಡನ್ನೂ ಒಟ್ಟಿಗೆ ಓಡಿಸಿ ನಡುವೆ ಕುರ್ಚಿ ಹಾಕಿಕೊಂಡು ಸೀಟ್ ಬೆಲ್ಟಿನ ಜಾಗದಲ್ಲಿ ಕೈ ಕಟ್ಟಿ ಕೂತರು.

"ಏನ್ರೀ, ಟೇಕಾಫ್ ಆಯ್ತಾ?" ಎಂದರು ಮೇಡಂ, ಬಟ್ಟೆ ಮಡಚುತ್ತಾ.

"ತಮಾಷೆ ಸಾಕು. ಇವೆಲ್ಲ ಚಿಲ್ಲರೆ ಸದ್ದು. ವಿಮಾನದಂಥ ಸದ್ದು ಬೇಕು..."

ಹೇಳುತ್ತಿದ್ದಂತೆ ಅವರ ಮುಖ ಅರಳಿತು. ವಿಮಾನದ ಅಪ್ಪನಂಥದ್ದು ಗೋಡೆಯ ಆಚೆಗೇ ಇತ್ತಲ್ಲ!

ಅದು ಹೊರಡುವ ಹಿಂದಿನ ದಿನ. ಸಾಹೇಬರು ಕಂಪ್ರೆಸರ್ ಕೋಣೆಯ ನಡುವೆ, ಪ್ಯಾನೆಲ್ ಮುಂದೆ ನಿಂತರು. ಹೆಡ್‌ಫೋನ್ ಏರಿಸಿದರು. ಸದ್ದಡಗಿಸುವ ಗುಂಡಿ ಒತ್ತಿದರು.

ಗೂಂ ಎನ್ನುವುದು ಹೋಯಿತು!

ಆಹಾ ಎಂದು ಅವರು ಮೆಚ್ಚಿಕೊಳ್ಳಬೇಕಾಗಿತ್ತು. ಆದರೆ ಮೆಚ್ಚಿಕೊಳ್ಳುವ ಕೆಲಸ ಬುದ್ಧಿಯದು, ಅಂದು ಬುದ್ಧಿಗಿಂತ ಕೈ ಮುಂದಿತ್ತು. ಸದ್ದು ನಿಂತಿತೆಂದರೆ ಕಂಪ್ರೆಸರ್ ನಿಂತಿತು, ಕಂಪ್ರೆಸರ್ ನಿಂತರೆ ಎರಡನೆಯದನ್ನು ಓಡಿಸಬೇಕು. ಇಷ್ಟೇ ಆ ಕೈ ಕಲಿತ ವಿದ್ಯೆ. ಅದು ಹಾರಿ ಹೋಗಿ ಹಸಿರು ಗುಂಡಿಯನ್ನು ಒತ್ತಿಯೇಬಿಟ್ಟಿತು. ಓಡುತ್ತಲೇ ಇದ್ದ ಮೊದಲನೆಯದರ ಜೊತೆಗೆ ಎರಡನೆಯದೂ ಗುಡುಗುತ್ತಾ ಎದ್ದಿತು. ಎರಡು ಆನೆಗಳ ಭಾರವನ್ನು ಕರೆಂಟಿನ ಒಂದೇ ಮೇನ್ ಬ್ರೇಕರ್ ಹೊರುವುದುಂಟೇ? ಟಪ್ಪೆಂದು ಬಿತ್ತು. ಸುಟ್ಟ ವಾಸನೆ ಬಂತು, ದೀಪ ಆರಿತು.

ಸಾಹೇಬರು ಗಾಬರಿಯಿಂದ ಹೆಡ್‌ಫೋನ್ ಕಿತ್ತು ಕೈಗೆ ತೆಗೆದುಕೊಂಡರು. ಆದರೂ ಏನೂ ಕೇಳಿಸಲಿಲ್ಲ. ಕಿವಿ ಮುಟ್ಟಿ ನೋಡಿಕೊಂಡರು. ಕೈಯಲ್ಲಿದ್ದುದನ್ನು ತಡವಿ ನೋಡಿದರು. ಮತ್ತೆ ಕಿವಿ ಮುಟ್ಟಿದರು. ತೆಗೆದ ಮೇಲೂ ಸದ್ದಡಗಿಸುವ ಹೆಡ್‌ಫೋನ್! ಎಂಥ ತಂತ್ರಜ್ಞಾನ!

ಬಾಗಿಲಲ್ಲಿ ಟಾರ್ಚ್ ಹಿಡಿದು ವೈರ್‌ಮ್ಯಾನ್ ಬಂದ. "ಸಾರ್, ಎರಡೂ ನಿಂತ್‌ಹೋಯ್ತು. ಬ್ರೇಕರ್ ಸುಟ್ಟಿದೆ. ಹಾಡು ಕೇಳ್ತಿದ್ರಾ?"

ಹೊಸ ಬ್ರೇಕರ್ ಬಂದು ಕೂರುವ ಹೊತ್ತಿಗೆ ಸಂಜೆಯಾಯಿತು. ದಪ್ಪ ಗೋಡೆಯ ಒಳಗೆ ಆಲೂಗಡ್ಡೆಗಳು ಮಗ್ಗುಲು ಬದಲಿಸದೆ ಮಲಗಿದ್ದವು. ಆದರೆ ಐಸ್‌ಕ್ರೀಮಿನ ಸಣ್ಣ ಕೋಣೆಯಲ್ಲಿ ಬಾಗಿಲ ಬಳಿಯ ಡಬ್ಬಗಳು ಮೆತ್ತಗಾದವು. ಮೆತ್ತಗಾದದ್ದನ್ನು ಮಾರುವಂತಿಲ್ಲ. ಮೂಟೆ ಹೊರುವ ಲೋಡರುಗಳು, ವಾಚ್‌ಮನ್, ವೈರ್‌ಮ್ಯಾನ್ ಎಲ್ಲರೂ ಅಂಗಳದಲ್ಲಿ ಸಾಲಾಗಿ ಕೂತು ಸಾಕ್ಷ್ಯನಾಶದಲ್ಲಿ ತೊಡಗಿದರು. ಅಮ್ಮಾವ್ರ ಕಾರು ಒಳಗೆ ಬಂದಾಗ ಎಲ್ಲರ ಕೈಯಲ್ಲೂ ಚಮಚ, ಸಾಹೇಬರ ಕೊರಳಲ್ಲಿ ಹೆಡ್‌ಫೋನ್.

ಮೇಡಂ ಮನೆಯ ಮೆಟ್ಟಿಲ ಮೇಲೆ ನಿಂತಿದ್ದರು. ಒಳಗೆ ಹೋಗಿ, ಎರಡು ಪೆಟ್ಟಿಗೆಗಳಲ್ಲಿ ಒಂದನ್ನು ಬಾಗಿಲಿಂದ ಹಿಂದಕ್ಕೆ ಎಳೆದಿಟ್ಟರು. ಅದು ಗಂಡನ ಪೆಟ್ಟಿಗೆ. ಅದರ ಚಕ್ರ ಕಿರ್ರೆಂದದ್ದು ಅಂಗಳಕ್ಕೆಲ್ಲ ಕೇಳಿಸಿತು.

ಸಾಹೇಬರು ಒಂದು ಸುಳ್ಳನ್ನು ಸಿದ್ಧಪಡಿಸಿದ್ದರು: ಕರೆಂಟಿನ ಏರಿಳಿತ. ಆ ಕಿರ್ರನ್ನು ಕೇಳಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ.

"ಅಮ್ಮಾವ್ರೇ, ನಂದೇ ತಪ್ಪು. ಓಡ್ತಿರೋ ಮಷೀನನ್ನ ನಿಂತಿದೆ ಅಂದ್ಕೊಂಡೆ."

"ಯಾಕಂದ್ಕೊಂಡ್ರಿ?"

"ಸದ್ದು ಕೇಳಿಸ್ಲಿಲ್ಲ."

"ಯಾಕೆ ಕೇಳಿಸ್ಲಿಲ್ಲ?"

"ಸದ್ದು ಕೇಳಿಸದೇ ಇರೋದನ್ನ ಹಾಕ್ಕೊಂಡಿದ್ದೆ."

"ಯಾಕೆ ಹಾಕ್ಕೊಂಡಿದ್ರಿ?"

"ಸದ್ದು ಕೇಳಿಸುತ್ತಾ ಅಂತ ನೋಡೋಕೆ."

ಅಮ್ಮಾವ್ರು ಹಣೆ ಒತ್ತಿಕೊಂಡರು. ಮತ್ತೆ ಮೆಟ್ಟಿಲಿಗೆ ಬಂದಿದ್ದ ಮೇಡಂ ಕಡೆ ಒಮ್ಮೆ ನೋಡಿದರು. ಆಮೇಲೆ ಹೇಳಿದರು: "ನೋಡಿ, ನೀವಿಲ್ದಿದ್ರೆ ಮಷೀನ್ ನಿಲ್ಲುತ್ತೆ ಅಂತ ಇಷ್ಟು ವರ್ಷ ನಿಮ್ಮನ್ನ ಎಲ್ಲಿಗೂ ಬಿಡ್ಲಿಲ್ಲ. ಇವತ್ತು ನಿಂತಿದ್ದು ನೀವಿದ್ದಿದ್ದಕ್ಕೆ! ಹೋಗಿ ಬನ್ನಿ ಮಾರಾಯ್ರೇ. ಬೇಕಾದ್ರೆ ಇನ್ನೊಂದಷ್ಟು ದಿನ ಇದ್ದೇ ಬನ್ನಿ. ನಮ್ಮ ಆಲೂಗಡ್ಡೆಗೂ ನೆಮ್ಮದಿ."

ಹಿಂದಕ್ಕೆ ಹೋಗಿದ್ದ ಪೆಟ್ಟಿಗೆ ಕಿರ್ರೆಂದು ಮುಂದಕ್ಕೆ ಬಂತು.

ವಿಮಾನದಲ್ಲಿ ಮೇಡಂ ಹೆಡ್‌ಫೋನ್ ಹಾಕಿಕೊಂಡರು. ಮದುವೆಯಾದ ಮೇಲೆ ಮೊದಲ ಸಲ ಜೊತೆಯಾಗಿ ಹೊರಟ ಪ್ರಯಾಣ. ಸಾಹೇಬರು ಗಂಟಲು ಸರಿಮಾಡಿಕೊಂಡು, ಬಹಳ ವರ್ಷಗಳಿಂದ ಹೇಳಬೇಕೆಂದುಕೊಂಡಿದ್ದನ್ನು ಹೇಳಿದರು: "ನಿನ್ನನ್ನ ಒಬ್ಬಳೇ ಓಡಾಡಿಸಿಬಿಟ್ಟೆ. ಮನಸ್ಸಿಗೆ ಬೇಜಾರಿದೆ."

ಮೇಡಂ ಒಂದು ಕಿವಿಯದನ್ನು ಎತ್ತಿ, ಜೋರಾಗಿ "ಏನಂದ್ರಿ?" ಎಂದರು.

ಸುತ್ತಲಿನವರು ತಿರುಗಿ ನೋಡಿದರು. "ಏನಿಲ್ಲ, ಬೆಲ್ಟ್ ಹಾಕಿದೀಯಾ ಅಂದೆ" ಎಂದರು ಸಾಹೇಬರು.

ಮೇಡಂ ಮಲಗಿದರು. ಎಂಥ ನಿದ್ದೆ! ಊಟ ಬಂದು ಹೋಯಿತು, ಪಕ್ಕದ ಸಾಲಿನ ಮಗು ಅತ್ತು ಸುಮ್ಮನಾಯಿತು, ಅವರು ಕದಲಲಿಲ್ಲ. ಸಾಹೇಬರು ಮಾತ್ರ ನೆಟ್ಟಗೆ ಕೂತು ಇಂಜಿನ್ನಿಗೆ ಕಿವಿಗೊಟ್ಟಿದ್ದರು. ಪೈಲಟ್ಟುಗಳ ಮೇಲೆ ಅಪನಂಬಿಕೆಯಿರಲಿಲ್ಲ. ಆದರೂ ಒಬ್ಬರಾದರೂ ಕೇಳಿಸಿಕೊಳ್ಳುತ್ತಿರಬೇಕಲ್ಲ! ಸದ್ದು ಒಂಚೂರು ಬದಲಾದಾಗಲೆಲ್ಲ ಗಗನಸಖಿಯನ್ನು ಕರೆದು, "ಏನೂ ತೊಂದರೆ ಇಲ್ವಲ್ಲಮ್ಮ?" ಎಂದು ಕೇಳಿದರು. ಆಕೆ ಮೊದಮೊದಲು ನಗುತ್ತಾ ಬಂದಳು. ಆಮೇಲೆ ಬರುವುದನ್ನೇ ಬಿಟ್ಟಳು.

ಹೀಗೆ ವಿಮಾನವನ್ನು ಕ್ಷೇಮವಾಗಿ ಇಳಿಸಿದ ಸಾಹೇಬರು ಸಮ್ಮೇಳನದ ಮುಂದಿನ ಸಾಲಿನಲ್ಲಿ ಕೂತ ತಕ್ಷಣ ಗೊರಕೆ ಹೊಡೆದರು. ವೇದಿಕೆಯ ಮೇಲಿದ್ದ ಮೇಡಂ ಕೊಂಚವೂ ಅಳುಕದೆ, "ಆಲೂಗಡ್ಡೆಯ ಗಾಢನಿದ್ದೆ ಹೇಗಿರುತ್ತೆ ಅಂತ ತೋರಿಸೋಕೆ ಒಂದು ಮಾದರಿ ತಂದಿದ್ದೀನಿ" ಎಂದು ಕೈ ತೋರಿಸಿದರಂತೆ. ಚಪ್ಪಾಳೆಗೆ ಎಚ್ಚರವಾದ ಸಾಹೇಬರು ಎದ್ದು ನಿಂತು ಎಲ್ಲರಿಗೂ ಕೈ ಮುಗಿದರು.

ಊರಿಗೆ ಬಂದ ಮೇಲೆ ಹೆಡ್‌ಫೋನನ್ನು ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೇರಿಸಲು ಹೋದಾಗ ಮೇಡಂ ಕಸಿದುಕೊಂಡರು.

"ಇನ್ನೂ ಯಾಕೆ? ವಿಮಾನ ಇಳಿದಾಯ್ತಲ್ಲ" ಎಂದರು ಸಾಹೇಬರು.

"ಅಲ್ರೀ, ಈ ಮನೆಗೆ ಬಂದ ಮೇಲೆ ನಾನು ಕಣ್ತುಂಬ ನಿದ್ದೆ ಮಾಡಿದ್ದು ಆ ವಿಮಾನದಲ್ಲೇ!"

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳ್ತಾನೇ ಇದ್ದೆ. ಕಂಪ್ರೆಸರ್ ಸದ್ದಲ್ಲಿ ನಿಮಗೆ ಕೇಳಿಸ್ಲಿಲ್ಲ."

ಸಾಹೇಬರು ಖಾಲಿ ಪೆಟ್ಟಿಗೆಯನ್ನಷ್ಟೇ ಅಟ್ಟಕ್ಕೇರಿಸಿದರು. ಅಂದಿನಿಂದ ಮೇಡಂ ಕಾಲೇಜಿನಿಂದ ಬಂದವರೇ ಹೆಡ್‌ಫೋನ್ ಏರಿಸಿ, ದಿಂಬಿಗೆ ಒರಗಿಬಿಡುತ್ತಾರೆ. ಮೊದಮೊದಲು ಸಾಹೇಬರು ಡ್ಯೂಟಿ ಮುಗಿಸಿ ಬಂದು ಬೆಲ್ ಒತ್ತುತ್ತಿದ್ದರು, ಬಾಗಿಲು ಬಡಿಯುತ್ತಿದ್ದರು, ಕಿಟಕಿಯ ಬಳಿ ನಿಂತು ಕೂಗುತ್ತಿದ್ದರು. ವಾಚ್‌ಮನ್ ಬರುತ್ತಿದ್ದ, ವೈರ್‌ಮ್ಯಾನ್ ಬರುತ್ತಿದ್ದ, ಲೋಡರುಗಳೆಲ್ಲ ಬಂದು ಗುಂಪುಗೂಡುತ್ತಿದ್ದರು. ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ.

ಈಗ ಸಾಹೇಬರು ಮನೆಯ ಬೀಗದ ಕೈಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತಾರೆ.