ದೊಡ್ಡವ್ವನ ಕೂಡು ಕುಟುಂಬ

ನಮ್ಮ ದೊಡ್ಡವ್ವ ಒಬ್ಬ ಹೆಂಗಸಲ್ಲ, ಒಂದು ಕೂಡು ಕುಟುಂಬ! ಹೀಗೆಂದರೆ ನಿಮಗೆ ನಗು ಬರುತ್ತದೆ. ತಮಿಳುನಾಡಿನ ಪೆನ್ನಾಗರಂ ಪಕ್ಕದ ಅವಳ ಊರಿಗೆ ಒಂದು ಬೆಳಿಗ್ಗೆ ಹೋಗಿ, ಜಗಲಿಯ ಮೇಲೆ ಸುಮ್ಮನೆ ಕೂತು ನೋಡಿ. ಆಮೇಲೆ ಬೇಕಾದರೆ ನಗಿ. ನನ್ನ ಅಮ್ಮನ ಅಕ್ಕನಾದ ಈಕೆ ಎದ್ದು ಮುಖ ತೊಳೆದವಳೇ ಹರಳೆಣ್ಣೆ ಬಟ್ಟಲು ಹಿಡಿದು ಕಾಲು ಚಾಚಿ ಕೂರುತ್ತಾಳೆ. ಮನೆಮಂದಿಯ ಯೋಗಕ್ಷೇಮದ ವಿಚಾರಣೆ ಶುರುವಾಗುತ್ತದೆ.

“ಏನಮ್ಮಾ, ರಾತ್ರಿ ನಿದ್ದೆ ಬಂತಾ?” ಇದು ಬಲ ಮಂಡಿಗೆ. “ನೀನು ಪಾಪದ್ದು, ಬಾಯೇ ಬುಡಲ್ಲ.” ಇದು ಎಡ ಮಂಡಿಗೆ. “ಇವತ್ತು ಕಳೆ ಕೀಳೋದು ಬ್ಯಾಡ ಬುಡು, ನಾಳೆ ನೋಡಣ” ಎಂದು ಸೊಂಟಕ್ಕೆ ಆಶ್ವಾಸನೆ. ಹೊಟ್ಟೆಗೆ ಮಾತ್ರ ಗದರಿಕೆ: “ನೆನ್ನೆ ಬೋಂಡ ಬೇಕು ಅಂದಿದ್ದು ಯಾರು? ನಾನಾ?” ಬಲ ಮಂಡಿ ಆ ಮನೆಯ ಹಿರಿಸೊಸೆ, ಮುನಿಸು ಜಾಸ್ತಿ. ಹೊಟ್ಟೆ ಮುದ್ದು ಮಾಡಿ ಕೆಡಿಸಿದ ಕಿರಿ ಮಗ. ಬೈದರೂ ಆಮೇಲೆ ಅದನ್ನು ಒಮ್ಮೆ ಸವರುತ್ತಾಳೆ, ಮನಸ್ಸು ತಡೆಯುವುದಿಲ್ಲ!

ಅವಳ ನಿಜವಾದ ಸೊಸೆ ಸೇಲಂನವಳು, ತಮಿಳಿನವಳು. ಮದುವೆಯಾಗಿ ಬಂದ ಮೊದಲ ಬೆಳಿಗ್ಗೆಯೇ ಜಗಲಿಯಲ್ಲಿ ಅತ್ತೆ ಯಾರನ್ನೋ ಉಪಚರಿಸುವುದು ಆ ಹುಡುಗಿಗೆ ಕೇಳಿಸಿತು. ನೆಂಟರು ಬಂದಿರಬೇಕು ಎಂದುಕೊಂಡು ಎರಡು ಲೋಟ ಕಾಫಿ ತಂದಳು. ನೋಡಿದರೆ ಅತ್ತೆ ಒಬ್ಬಳೇ! ಹುಡುಗಿಯ ಮುಖ ಬಿಳಿಚಿಕೊಂಡಿತು. ದೊಡ್ಡವ್ವ ಏನೂ ಆಗದವಳ ಹಾಗೆ ಎರಡೂ ಲೋಟ ಖಾಲಿ ಮಾಡಿ, “ಸೊಸೆ ಅಂದ್ರೆ ಇವಳು ಕಣ್ರೇ” ಎಂದು ಇಡೀ ಬೀದಿಗೆ ಸಾರಿಕೊಂಡು ಬಂದಳು.

ಸೇಲಂನ ಟೌನ್ ಬಸ್ಸಿನಲ್ಲಿ ಒಮ್ಮೆ ಅವಳ ಜೊತೆ ಹೋಗಬೇಕಾಗಿ ಬಂತು. ಕಾಲಿಡಲು ಜಾಗವಿಲ್ಲ. ಕೂತಿದ್ದ ಯುವಕನೊಬ್ಬನ ಭುಜ ತಟ್ಟಿ, “ನಂಗ್ ಬ್ಯಾಡಪ್ಪ, ನಾನು ನಿಂತ್ಕತೀನಿ. ಈ ಮಂಡಿಗೆ ಒಸಿ ಜಾಗ ಬುಡು” ಎಂದಳು. ಅವನು ಗಾಬರಿಯಾಗಿ ಎದ್ದುಬಿಟ್ಟ. ಇದನ್ನು ನೋಡಿದ ಕಂಡಕ್ಟರ್, “ಅಜ್ಜೀ, ಹಾಗಾದರೆ ಮಂಡಿಗೆ ಬೇರೆ ಟಿಕೆಟ್ ಕೊಡಲಾ?” ಎಂದು ತಮಿಳಿನಲ್ಲಿ ರೇಗಿಸಿದ. ನಮ್ಮ ಕಡೆ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಕಾಸಿಲ್ಲವಲ್ಲ! ದೊಡ್ಡವ್ವ ತಕ್ಷಣ, “ಅವಳೂ ಎಂಗ್ಸೇ ಕಣಪ್ಪ, ಫ್ರೀ!” ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಮಾತ್ರ ಮುಖ ಮುಚ್ಚಿಕೊಂಡು ಕಿಟಕಿಯ ಆಚೆ ನೋಡುತ್ತಿದ್ದೆ.

ನನ್ನ ಸ್ವಭಾವವೇ ಹಾಗೆ, ಮುಖ ಮುಚ್ಚಿಕೊಳ್ಳುವುದು. ನಾನು ಶಂಕಗಿರಿಯ ಒಂದು ಲಾರಿ ಆಫೀಸಿನಲ್ಲಿ ಕೆಲಸ ಮಾಡುವವಳು. ಮನೆಯಲ್ಲಿ ಆಡುವುದು ಕನ್ನಡವಾದರೂ ಅದನ್ನು ಓದಲು, ಬರೆಯಲು ಕಲಿತದ್ದು ದೊಡ್ಡವಳಾದ ಮೇಲೆ, ನನ್ನಷ್ಟಕ್ಕೆ. ಕಾಲೇಜಿನಲ್ಲಿ ನಾನು ತಮಿಳು ಮಾತಾಡಿದರೆ ಅದರಲ್ಲಿ ಕನ್ನಡದ ವಾಸನೆ ಬರುತ್ತದೆ ಎಂದು ಗೆಳತಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಇರಲಿ, ಕನ್ನಡವಾದರೂ ನನ್ನದಲ್ಲವೇ ಎಂದುಕೊಂಡಿದ್ದೆ. ಈಚೆಗೆ ನಮ್ಮ ಓನರ್ ನಂಬಿಕೆಯಿಟ್ಟು ಕರ್ನಾಟಕದ ಗಿರಾಕಿಗಳ ಫೋನನ್ನೆಲ್ಲ ನನಗೆ ಒಪ್ಪಿಸಿದರು. ಮೊದಲ ಫೋನಿನಲ್ಲೇ ಆ ಕಡೆಯವರು, “ಇದು ಯಾವ ಕನ್ನಡ ಮೇಡಂ?” ಎಂದು ನಕ್ಕರು. ಅವರು ಕೆಟ್ಟ ಮನಸ್ಸಿನಿಂದ ನಕ್ಕಿರಲಿಕ್ಕಿಲ್ಲ. ಆದರೆ ಅವತ್ತಿನಿಂದ ಫೋನ್ ಹೊಡೆದುಕೊಂಡರೆ ಸಾಕು, ನನ್ನ ಗಂಟಲು ಬಿಗಿದು ದನಿಯೇ ಹೊರಡುತ್ತಿರಲಿಲ್ಲ.

ಡಾಕ್ಟರು ಬಾಯಿಗೆ ಬೆಳಕು ಬಿಟ್ಟು ನೋಡಿ, ಗಂಟಲಿನಲ್ಲಿ ಏನೂ ದೋಷವಿಲ್ಲ ಎಂದರು. ಓನರ್ ರಜೆ ಕೊಟ್ಟು, ಸೋಮವಾರದೊಳಗೆ ಬರುತ್ತೇನೆ ಅಥವಾ ಬರುವುದಿಲ್ಲ ಎಂದು ಹೇಳಿಬಿಡು, ಫೋನಿಗೆ ಬೇರೆ ಯಾರನ್ನಾದರೂ ನೋಡಬೇಕಾಗುತ್ತದೆ ಎಂದರು. ಬರುವುದಿಲ್ಲ ಎಂದು ನಾನು ಒಳಗೊಳಗೇ ತೀರ್ಮಾನ ಮಾಡಿಯಾಗಿತ್ತು. ಯಾವ ಭಾಷೆಯೂ ನೆಟ್ಟಗೆ ಬಾರದ ನನ್ನಂಥವಳಿಗೆ ಮಾತಿನ ಕೆಲಸವೇಕೆ? ಅಮ್ಮ ನನ್ನನ್ನು ನೋಡಲಾರದೆ ದೊಡ್ಡವ್ವನ ಮನೆಗೆ ಕಳಿಸಿದಳು.

ಹೋದ ದಿನವೇ ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಕೈಜಾರಿತು. “ಥೂ, ದಂಡಪಿಂಡ!” ಎಂದು ಗೊಣಗಿದೆ.

“ಯಾರನ್ನೇ ಬೈದೆ?” ದೊಡ್ಡವ್ವ ಬಾಗಿಲಲ್ಲಿ ನಿಂತಿದ್ದಳು.

“ನನ್ನನ್ನೇ ದೊಡ್ಡವ್ವ.”

“ನಮ್ಮನೆಗೆ ಬಂದಿರೋ ಎಣ್ಮಗಳನ್ನ ಬೈಯಕ್ಕೆ ನೀನ್ಯಾರೇ?”

ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ನಾನು ಪೆಚ್ಚಾದೆ. ಯೋಚಿಸಿದರೆ, ಪಕ್ಕದ ಮನೆಯವರ ಕೈಯಿಂದ ಹಾಲು ಚೆಲ್ಲಿದ್ದರೆ ನಾನು ಹಾಗೆ ಬೈಯುತ್ತಿದ್ದೆನೇ? “ಪರವಾಗಿಲ್ಲ ಬಿಡಿ” ಎಂದು ಬಟ್ಟೆ ತಂದು ಒರೆಸುತ್ತಿದ್ದೆ. ನನ್ನ ಪಾಲಿಗೆ ಮಾತ್ರ ನಾನು ಪಕ್ಕದ ಮನೆಯವರಷ್ಟೂ ಬೇಕಾದವಳಾಗಿರಲಿಲ್ಲ.

ಮರುದಿನ ಬೆಳಿಗ್ಗೆ ನನ್ನನ್ನೂ ಜಗಲಿಯ ಮೇಲೆ ಕೂರಿಸಿದಳು. ನನ್ನ ಕೈ ಹಿಡಿದು ನನ್ನದೇ ಗಂಟಲಿನ ಮೇಲಿಟ್ಟಳು.

“ಕೇಳು ಅದನ್ನ, ಏನಾಗೈತೆ ಅಂತ.”

“ಅದೇನೂ ಹೇಳ್ತಿಲ್ಲ ದೊಡ್ಡವ್ವ.”

“ಇಷ್ಟು ದಿನ ಬೈಸ್ಕಂಡಿರೋದು, ಕೇಳಿದ ತಕ್ಷಣ ಮಾತಾಡ್ತೈತಾ? ಕೊಂಜ ಹೊತ್ತು ಕಾಯ್ಬೇಕು!”

ಕಾದೆ. ಬೇರೆ ಕೆಲಸವಾದರೂ ಏನಿತ್ತು? ಒಂದೊಂದು ಬೆಳಿಗ್ಗೆಯೂ ಕೈಯಿಟ್ಟು ಕೂತೆ. ಮೊದಮೊದಲು ನಾಚಿಕೆ. ಆಮೇಲೆ ಬೆರಳ ಕೆಳಗೆ ಬೆಚ್ಚಗಿರುವುದು ತಿಳಿಯತೊಡಗಿತು, ಉಗುಳು ನುಂಗಿದಾಗ ಏರಿಳಿಯುವುದು ತಿಳಿಯಿತು, ಆ ನಗು ನೆನಪಾದ ಕೂಡಲೇ ಅದು ಮುದುರಿಕೊಳ್ಳುವುದೂ ತಿಳಿಯಿತು. ಇಷ್ಟು ದಿನ ಅದು ಕೆಟ್ಟುಹೋಗಿದೆ ಎಂದು ಬೈಯುತ್ತಿದ್ದೆ. ಅದು ಪಾಪ, ಹೆದರಿಕೊಂಡಿತ್ತು ಅಷ್ಟೇ! ಒಂದು ದಿನ ನನಗೇ ಗೊತ್ತಿಲ್ಲದೆ, “ಪರವಾಗಿಲ್ಲ ಕಣೇ” ಎಂದೆ. ಹಾಗೆಂದದ್ದೇ ಅಳು ಬಂತು. ಹಟ್ಟಿಯ ಆಡುಗಳೆಲ್ಲ ತಿರುಗಿ ನೋಡುವಷ್ಟು ಅತ್ತೆ.

ದೊಡ್ಡವ್ವ ಸಮಾಧಾನ ಮಾಡಲಿಲ್ಲ. ಎಣ್ಣೆ ಉಜ್ಜಿಕೊಳ್ಳುತ್ತಾ, “ನಾನು ಮದ್ವೆ ಆಗಿ ಬಂದಾಗ ಈ ಮನೇಲಿ ಉಂಡ್ಯಾ ಅಂತ ಕೇಳೋರು ಒಬ್ರೂ ಇರ್ಲಿಲ್ಲ” ಎಂದಳು. “ಕಪ್ಪಗಿದ್ದಾಳೆ, ಕೆಲ್ಸಕ್ಕೆ ಬಾರ್ದೋಳು ಅಂತ ಅಂದಿದ್ದೇ ಅಂದಿದ್ದು. ನಂಗೂ ಔದು ಅನ್ನಿಸ್ಬುಡ್ತು. ಒಂದಿನ ಕಾಲು ಊದ್ಕಂಡು ನಿಲ್ಲಕ್ಕಾಗ್ದೆ ಕೂತ್ಕಂಡೆ. ಯಾರೂ ಕೇಳ್ಲಿಲ್ಲ. ನಾನೇ ಕೇಳ್ದೆ, ನೋಯ್ತೈತಾ ಅಂತ. ಆವತ್ತು ಹಿಡ್ದಿದ್ದು ಈ ಉಚ್ಚು!” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಆಚೆ ನೋಡಿದ್ದು ನೆನಪಾಗಿ ಸಂಕಟವಾಯಿತು.

ಭಾನುವಾರ ಹೊರಟೆ. ಬರುವುದಿಲ್ಲ ಎಂಬ ತೀರ್ಮಾನ ಸಡಿಲಾಗಿತ್ತು, ಆದರೆ ಓನರಿಗೆ ಏನು ಹೇಳುವುದೆಂದು ಇನ್ನೂ ಗೊತ್ತಾಗಿರಲಿಲ್ಲ. ದೊಡ್ಡವ್ವ ಕಲ್ಲುಪ್ಪು, ಒಣಮೆಣಸಿನಕಾಯಿ ಹಿಡಿಯಲ್ಲಿಟ್ಟುಕೊಂಡು ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ ದೃಷ್ಟಿ ತೆಗೆದಳು. “ಊರ್ ಕಣ್ಣು, ಕೇರಿ ಕಣ್ಣು, ನಾಯಿ ಕಣ್ಣು, ನರಿ ಕಣ್ಣು” ಎಂದು ಸುತ್ತಿ, ಒಂದು ಗಳಿಗೆ ನಿಂತು ನನ್ನ ಮುಖ ನೋಡಿದಳು. “ಇವಳ ಮೇಲೆ ಬಿದ್ದಿರೋ ಇವಳದೇ ಕಣ್ಣು, ಎಲ್ಲಾ ಸುಟ್ಟೋಗ್ಲಿ” ಎಂದು ಒಲೆಗೆ ಹಾಕಿದಳು. ಮೆಣಸಿನಕಾಯಿ ಚಟಪಟ ಎಂದಿತು.

ನಾನು ಚೀಲ ಎತ್ತಿಕೊಂಡೆ. ಅವಳು ಮಾತ್ರ ಒಲೆಯ ಮುಂದೆಯೇ ಸೆರಗು ತಿರುವುತ್ತಾ ನಿಂತಿದ್ದಳು.

“ಲೇ, ನಂಗೂ ಒಂದ್ಸಲ ತೆಗೀತೀಯಾ?”

ನಾನು ನೋಡಿದೆ. ಅಂಥ ದೊಡ್ಡವ್ವ ನೆಲ ನೋಡುತ್ತಿದ್ದಳು.

“ಮಿಕ್ಕಿದ್ದೆಲ್ಲ ನನಗೆ ನಾನೇ ಮಾಡ್ಕತೀನಿ. ದಿಷ್ಟಿ ಮಾತ್ರ ನಮಗೆ ನಾವೇ ತೆಕ್ಕಳಕ್ಕಾಗಲ್ಲ ನೋಡು, ಇನ್ನೊಬ್ರು ಕೈ ಬೇಕು. ಸೊಸೇನ ಕೇಳಕ್ಕೆ ನಾಚ್ಕೆ. ಈ ಮುದ್ಕಿ ಮೇಲೆ ಯಾರ್ ಕಣ್ಣು ಬೀಳ್ತೈತೆ ಅಂತ ನಗ್ತಾರೆ.”

ಚೀಲ ಕೆಳಗಿಟ್ಟೆ. ಉಪ್ಪು, ಮೆಣಸಿನಕಾಯಿ ಹಿಡಿದೆ. ಪೂರ್ವಕ್ಕೆ ಮುಖ ಮಾಡಿ ಕೂತು ಅವಳು ಕಣ್ಣು ಮುಚ್ಚಿಕೊಂಡಳು. ಅವಳು ಇಷ್ಟು ಚಿಕ್ಕವಳಾಗಿ ನನಗೆ ಯಾವತ್ತೂ ಕಂಡಿರಲಿಲ್ಲ. ಮೆಲ್ಲಗೆ ಶುರು ಮಾಡಿದೆ, ಊರ್ ಕಣ್ಣು, ಕೇರಿ ಕಣ್ಣು…

“ಜೋರಾಗಿ ಏಳೇ,” ಎಂದಳು ಕಣ್ಣು ಬಿಡದೆಯೇ, “ನಂಗೆ ಕೇಳಿಸ್ಬೇಕು.”

ನಾನು ಜೋರಾಗಿ ಹೇಳಿದೆ.