ಸತ್ತ ದಳವಾಯಿ ಎದ್ದು ಕೂತ ಮಧ್ಯಾಹ್ನ

ಸಿಂಚನಾ, ಪ್ರಣವಾ,

ಮೊನ್ನೆ ಟಿವಿ ಧಾರಾವಾಹಿಯಲ್ಲಿ ಆ ಮುದಿ ಸೇನಾಪತಿ ಸತ್ತಾಗ ನೀವಿಬ್ಬರೂ ಕಣ್ಣು ಒರೆಸಿಕೊಳ್ಳುತ್ತಿದ್ದಿರಿ. ನಾನು ಬಾಯಿಗೆ ಸೆರಗು ಹಿಡಿದುಕೊಂಡು ಒಳಗೆ ಎದ್ದು ಹೋದೆ. "ಪಾಪ, ಅಜ್ಜಿಗೆ ತುಂಬಾ ದುಃಖ ಆಗಿದೆ" ಎಂದು ಪ್ರಣವ ಹೇಳಿದ್ದು ಕೇಳಿಸಿತು. ಇಲ್ಲಪ್ಪ, ನಾನು ನಗುತ್ತಿದ್ದೆ. ಅದರ ಕಾರಣವನ್ನು ಎದುರು ಕೂತು ಹೇಳಲು ಈ ವಯಸ್ಸಿನಲ್ಲೂ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳ ಬರವಣಿಗೆ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು ಎರಡೋ ಮೂರೋ ವರ್ಷವಾಗಿತ್ತು. ನಾವು ರಾಜಾಜಿನಗರದ ಒಂದು ವಠಾರದಲ್ಲಿದ್ದೆವು. ಮನೆಗಳಲ್ಲಿ ಟಿವಿ ಇರಲಿಲ್ಲ. ನಮ್ಮ ಬಡಾವಣೆಯ ಗಂಡಸರು ರಾಜ್ಯೋತ್ಸವಕ್ಕೆ ವರ್ಷಕ್ಕೊಂದು ಐತಿಹಾಸಿಕ ನಾಟಕ ಆಡುತ್ತಿದ್ದರು. ಉಳಿದ ಹನ್ನೊಂದು ತಿಂಗಳು ನಾವು ಹೆಂಗಸರು ನಲ್ಲಿಯ ಹತ್ತಿರ ಅದನ್ನೇ ಮಾತಾಡುತ್ತಿದ್ದೆವು.

ನಿಮ್ಮ ತಾತ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದರು. ನಾಟಕದಲ್ಲಿ ಆರು ವರ್ಷವೂ ಅವರದು ದ್ವಾರಪಾಲಕನ ಪಾತ್ರ. ಇದ್ದ ಮಾತು ಒಂದೇ: "ಅಪ್ಪಣೆ, ಪ್ರಭು." ಆ ಎರಡು ಪದಕ್ಕೆ ಅವರು ಒಂದು ತಿಂಗಳು ಅಭ್ಯಾಸ ಮಾಡುತ್ತಿದ್ದರು. ಏಳನೆಯ ವರ್ಷ ದೇವರು ಕಣ್ಣು ಬಿಟ್ಟ. ದಳವಾಯಿಯ ಪಾತ್ರ ಮಾಡಬೇಕಿದ್ದ ಪೋಸ್ಟ್ ಮಾಸ್ಟರಿಗೆ ವರ್ಗವಾಯಿತು, ಪಾತ್ರ ಇವರಿಗೆ ಬಂತು.

ಈ ದಳವಾಯಿ ತಾಯಿಯಿಲ್ಲದ ರಾಜಕುಮಾರನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಶತ್ರುಗಳು ನುಗ್ಗಿದಾಗ ಹುಡುಗನನ್ನು ತಪ್ಪಿಸಿ ಕಳಿಸಿ, ತಾನು ಕೋಟೆ ಬಾಗಿಲಲ್ಲಿ ನಿಂತು ಈಟಿಗೆ ಎದೆ ಕೊಟ್ಟು ಸಾಯುತ್ತಾನೆ.

"ಜನ ಅಳಬೇಕು ಕಣೇ," ಎಂದರು ನಿಮ್ಮ ತಾತ. "ಆರು ವರ್ಷ ಬಾಗಿಲಲ್ಲಿ ನಿಂತು ಬೇರೆಯವರು ಸಾಯೋದು ನೋಡಿದೀನಿ. ಒಬ್ಬರಿಗೂ ನೆಟ್ಟಗೆ ಸಾಯಕ್ಕೆ ಬರಲ್ಲ. ಈ ಸಲ ಒಂದು ಕಣ್ಣೂ ಒಣಗಿರಬಾರದು."

ಅಂದಿನಿಂದ ಅವರು ಮನೆಯಲ್ಲಿ ದಿನಕ್ಕೆ ಮೂರು ಸಲ ಸಾಯತೊಡಗಿದರು. "ಒಲೆ ಹತ್ರ ಸಾಯಬೇಡಿ, ಸಾರು ಚೆಲ್ಲುತ್ತೆ" ಎಂದು ನಾನು ಗದರಿಸುತ್ತಿದ್ದೆ. ನಾಲ್ಕು ವರ್ಷದ ನಿಮ್ಮಪ್ಪ ತಾನೂ ಪಕ್ಕದಲ್ಲಿ ಬಿದ್ದು ಸಾಯುತ್ತಿದ್ದ. ಊಟಕ್ಕೆ ಕರೆದರೆ ಎರಡು ಹೆಣಗಳೂ ಎದ್ದು ಬರುತ್ತಿದ್ದವು.

ಹೀಗೆ ಒಂದು ದಿನ ಇವರು ನಡುಮನೆಯಲ್ಲಿ ಸತ್ತು ಮಲಗಿದ್ದಾಗ ಪಕ್ಕದ ಮನೆಯ ರುದ್ರಕ್ಕ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. ಹುಬ್ಬಳ್ಳಿ ಕಡೆಯವರು, ನನಗಿಂತ ಹಿರಿಯರು, ಶಾಸ್ತ್ರ ಸಂಪ್ರದಾಯ ಬಲ್ಲವರು. ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು.

"ತಂಗೀ, ಮುತ್ತೈದಿ ಆದಾಕಿ ಗಂಡ ಸಾಯೋದನ್ನ ಕಣ್ಣಿಂದ ನೋಡಬಾರದವಾ."

"ದಿನಾ ನೋಡ್ತಾ ಇದೀನಲ್ಲ ಅಕ್ಕಾ?"

"ಮನ್ಯಾಗ ಸತ್ತದ್ದು ಲೆಕ್ಕಕ್ಕಿಲ್ಲ. ವೇಷ ಹಾಕಿ ನಾಕು ಮಂದಿ ಮುಂದ ಸತ್ರ ಯಮನ ಕಡಿಯವರೂ ನೋಡಿರತಾರ."

ನಾನು ಮಜ್ಜಿಗೆಯ ಪಾತ್ರೆಯನ್ನು ಹಾಗೇ ಕೆಳಗಿಟ್ಟೆ. ಪರಿಹಾರವನ್ನೂ ಅವರೇ ಹೇಳಿದರು. ಗಂಡ ಬಿದ್ದ ಕೂಡಲೇ ಹೆಂಡತಿ ಅವನ ಹೆಸರು ಹಿಡಿದು ಮೂರು ಸಲ ಕರೆಯಬೇಕು. ಆಗ ಜೀವ ದಾರಿ ತಪ್ಪದೆ ವಾಪಸು ಬರುತ್ತದೆ.

"ಹೆಸರು ಹಿಡಿದೇ ಕರೀಬೇಕಾ? ರೀ ಅಂದ್ರೆ ಆಗಲ್ವಾ?"

"ರೀ ಅಂದ್ರ ಜಗತ್ತಿನಾಗ ಎಷ್ಟು ಗಂಡಸರು ಹೊಳ್ಳಿ ನೋಡತಾರ, ನೀನ ಹೇಳು."

ಮಕ್ಕಳೇ, ಮದುವೆಯಾಗಿ ಒಂಬತ್ತು ವರ್ಷದಲ್ಲಿ ನಾನು ನಿಮ್ಮ ತಾತನ ಹೆಸರನ್ನು ಒಂದು ಸಲವೂ ಬಾಯಲ್ಲಿ ಆಡಿರಲಿಲ್ಲ. ಆಗ ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ರೇಷನ್ ಕಾರ್ಡಿನವರು ಯಜಮಾನರ ಹೆಸರು ಕೇಳಿದಾಗಲೂ "ಶಿವನ ಹೆಸರು, ವಿಷ ಕುಡಿದನಲ್ಲ, ಅದು" ಎಂದು ಒಗಟಿನಲ್ಲಿ ಹೇಳಿದ್ದೆ. ಅವರು ನೀಲಕಂಠ ಎಂದು ಬರೆದುಕೊಂಡರು. ಎರಡು ವರ್ಷ ನಾವು ನೀಲಕಂಠನ ಸಕ್ಕರೆ ತಿಂದೆವು.

ಈಗ ಅಭ್ಯಾಸದ ಸರದಿ ನನ್ನದು. ಬಚ್ಚಲಮನೆಯಲ್ಲಿ ಕೊಳಾಯಿ ಬಿಟ್ಟುಕೊಂಡು "ನಂ" ಎಂದೆ. ಮುಂದಕ್ಕೆ ಬರಲಿಲ್ಲ. ಮಾರನೆಯ ದಿನ "ನಂಜು" ತನಕ ಹೋದೆ. ನಾಟಕದ ವಾರದಲ್ಲಿ ಪೂರ್ತಿ ಹೆಸರು ಪಿಸುಮಾತಿನಲ್ಲಿ ಬರತೊಡಗಿತು. ಸಾಯುವಾಗ ಹಾರ್ಮೋನಿಯಂ ಜೋರಾಗಿ ನುಡಿಸುತ್ತಾರೆ, ಆ ಸದ್ದಿನೊಳಗೆ ಸೆರಗಿನ ಮರೆಯಲ್ಲಿ ಮೂರು ಸಲ ಪಿಸುಗುಟ್ಟಿದರೆ ಮುಗಿಯಿತು. ಯಾರಿಗೂ ತಿಳಿಯುವುದಿಲ್ಲ. ಎಷ್ಟು ಸುಲಭ ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಮೂರಕ್ಕೆ ಶಾಲೆಯ ಹಾಲಿನಲ್ಲಿ ನಾಟಕ. ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಮುಂದೆ ಜಮಖಾನ. ನಿಮ್ಮ ತಾತ ಬಿಳಿ ಮೀಸೆ ಅಂಟಿಸಿಕೊಂಡು, ರಾಜಕುಮಾರನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಾಗಲೇ ಹೆಂಗಸರ ಮನಸ್ಸು ಕರಗಿತು. ವಠಾರದ ಪುಟ್ಟಜ್ಜಿ ನನ್ನ ತೊಡೆ ಚಿವುಟಿ, "ಮನೇಲಿ ಮೂಗನ ಥರ ಇರ್ತಾನಲ್ಲೇ, ಇವನೇನಾ ನಿನ್ ಗಂಡ?" ಎಂದರು. ನನಗೂ ಅದೇ ಅನುಮಾನ ಬಂದಿತ್ತು.

ನಾಲ್ಕನೆಯ ಅಂಕದಲ್ಲಿ ಈಟಿ ತಾಗಿತು. ದಳವಾಯಿ ರಂಗದ ತುಂಬ ತೂರಾಡಿದರು, ಕೋಟೆ ಬಾಗಿಲನ್ನು ಒಮ್ಮೆ ಸವರಿದರು, "ಮಗೂ, ಹಿಂದೆ ತಿರುಗಿ ನೋಡಬೇಡ" ಎಂದು ಹೇಳಿ ಬಿದ್ದರು. ಹಾಲಿಗೆ ಹಾಲೇ ಅತ್ತಿತು. ಪುಟ್ಟಜ್ಜಿ ಬಿಕ್ಕಿದರು. ಕುರ್ಚಿಗಳ ಕಡೆಯಿಂದಲೂ ಮೂಗು ಸೀನುವ ಸದ್ದು ಬಂತು. ಅವರು ಆರು ವರ್ಷ ಕಾದದ್ದು ಸಿಕ್ಕಿತ್ತು. ನನಗೂ ಹೆಮ್ಮೆಯಿಂದ ಕಣ್ಣು ತುಂಬಿತು. ಅಷ್ಟರಲ್ಲಿ ಪಕ್ಕದಿಂದ ರುದ್ರಕ್ಕನ ಮೊಣಕೈ ತಿವಿಯಿತು.

ಒಂದು ಸಲ ಪಿಸುಗುಟ್ಟಿದೆ. ಎರಡನೆಯ ಸಲ ಪಿಸುಗುಟ್ಟುತ್ತ ತಲೆಯೆತ್ತಿ ನೋಡಿದೆ. ಅವರ ಎದೆ ಏಳುತ್ತಿಲ್ಲ, ಇಳಿಯುತ್ತಿಲ್ಲ. ಮನೆಯಲ್ಲಿ ಸಾಯುವಾಗ ಹೊಟ್ಟೆಯಾದರೂ ಆಡುತ್ತಿತ್ತು. ಇಲ್ಲಿ ಏನೂ ಇಲ್ಲ. ನನಗೆ ನಾಟಕ ಮರೆತುಹೋಯಿತು. ತಪ್ಪಿಸಿಕೊಂಡಿದ್ದ ರಾಜಕುಮಾರ ತಿರುಗಿ ಬಂದು ಅಳಬೇಕೆಂದು ಹಾರ್ಮೋನಿಯಂ ನಿಂತ ಆ ಗಳಿಗೆಯಲ್ಲೇ ಮೂರನೆಯ ಕರೆ ನನ್ನ ಗಂಟಲು ಹರಿದುಕೊಂಡು ಬಂತು.

"ನಂಜುಂಡಸ್ವಾಮೀ! ಏಳೀ!"

ದಳವಾಯಿ ಕಣ್ಣು ಬಿಟ್ಟರು. ಎದ್ದು ಕೂತರು. ನನ್ನ ಕಡೆ ತಿರುಗಿ, "ಏನೇ?" ಎಂದರು.

ಅದು ಮೈಕಿನಲ್ಲಿ ಕೇಳಿಸಿತು.

ಪುಟ್ಟಜ್ಜಿ, "ಬದುಕಿದ ಕಣ್ರೇ, ಬದುಕಿದ!" ಎಂದು ಚಪ್ಪಾಳೆ ತಟ್ಟಿದರು. ಜಮಖಾನವೆಲ್ಲ ಚಪ್ಪಾಳೆ. ಪರದೆಯ ಹಿಂದಿನಿಂದ ನಾಟಕದ ಮೇಷ್ಟ್ರು, "ಸಾಯ್ರೀ, ಬೇಗ ಸಾಯ್ರೀ" ಎಂದು ಗೋಗರೆಯುತ್ತಿದ್ದರು. ಶತ್ರು ಸೇನಾಪತಿಯಾಗಿದ್ದ ಬ್ಯಾಂಕಿನ ಹುಡುಗ ತನ್ನ ಕರ್ತವ್ಯವೆಂದು ತಿಳಿದು ಮತ್ತೆ ಈಟಿ ಎತ್ತಿದ. ಪುಟ್ಟಜ್ಜಿ ಎದ್ದು ನಿಂತರು.

"ಏಯ್, ಮುಟ್ಟೀಯ ಜೋಕೆ. ಒಂದ್ಸಲ ಚುಚ್ಚಿದ್ದು ಸಾಲ್ದಾ ನಿಂಗೆ? ಅವನ ಹೆಂಡ್ತಿ ಇಲ್ಲೇ ಕೂತವ್ಳೆ."

ಹುಡುಗ ಈಟಿ ಇಳಿಸಿ ದಳವಾಯಿಯನ್ನೇ ಕೇಳಿದ: "ಏನ್ಮಾಡ್ಲಿ ಸಾರ್?"

ದಳವಾಯಿ ಯಾರ ಸಹಾಯವೂ ಇಲ್ಲದೆ ತಾವೇ ಮಲಗಿ ಸತ್ತರು. ಆದರೆ ರಾಜಕುಮಾರ ಎದೆಯ ಮೇಲೆ ಬಿದ್ದು ಅಳುವಾಗ ಹೆಣದ ಹೊಟ್ಟೆ ಕುಲುಕುತ್ತಿತ್ತು. ಅವನು ಮುಖ ಎತ್ತಿದಾಗ ದಳವಾಯಿಯ ಅರ್ಧ ಮೀಸೆ ಅವನ ಕೆನ್ನೆಯ ಮೇಲಿತ್ತು. ಜನ ಅತ್ತದ್ದಕ್ಕಿಂತ ಹೆಚ್ಚು ನಕ್ಕರು.

ಮನೆಗೆ ಬರುವಾಗ ಅವರು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಮನೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತ ಕೂತರು. ನಾನು ಬಾಗಿಲ ಮರೆಯಲ್ಲಿ ನಿಂತೆ.

"ಆರು ವರ್ಷ ಕಾದಿದ್ದೆ," ಎಂದರು.

"ನೀವು ಉಸಿರಾಡ್ತಿರಲಿಲ್ಲ."

"ಅದು ಅಭಿನಯ ಕಣೇ."

"ನಂಗೆ ಹಾಗನ್ನಿಸಲಿಲ್ಲ."

ಅವರ ಕೈ ನಿಂತಿತು. "ನಿಜವಾಗ್ಲೂ ಹೋಗ್ಬಿಟ್ಟೆ ಅನ್ನಿಸ್ತಾ?"

"ಹೂಂ."

"ಅಷ್ಟು ಚೆನ್ನಾಗಿ ಸತ್ತಿದ್ನಾ?"

"ಹೂಂ ಅಂದ್ನಲ್ಲ."

ಅರ್ಧ ಒರೆಸಿದ ಬಣ್ಣದಲ್ಲೂ ಮುಖ ಅರಳಿದ್ದು ಕಾಣಿಸಿತು. "ಹಾಗಾದ್ರೆ ಇನ್ನೊಂದ್ಸಲ ಕರಿ."

"ಏನು?"

"ಹೆಸರು."

ನಾನು ಒಲೆಯ ಮೇಲೆ ಏನೂ ಇಲ್ಲದಿದ್ದರೂ, ಹಾಲು ಉಕ್ಕುತ್ತಿದೆ ಎಂದು ಹೇಳಿ ಒಳಗೆ ಓಡಿದೆ.

ಮುಂದಿನ ವರ್ಷ ಮೇಷ್ಟ್ರು ಕೈ ಮುಗಿದು, "ನಿಮ್ಮ ಮನೆಯವರು ಇರೋ ಊರಲ್ಲಿ ನಿಮ್ಮನ್ನ ಕೊಲ್ಲಕ್ಕಾಗಲ್ಲ ಸ್ವಾಮಿ" ಎಂದು ಇವರಿಗೆ ಮತ್ತೆ ದ್ವಾರಪಾಲಕನ ಪಾತ್ರ ಕೊಟ್ಟರು. ಬೀದಿಯ ಹೆಂಗಸರು ಮಾತ್ರ ಎಷ್ಟೋ ವರ್ಷ ಇವರನ್ನು ದಳವಾಯಿಗಳೇ ಎಂದೇ ಕರೆದರು. ಇವರೂ ಗಂಭೀರವಾಗಿ ತಲೆ ಬಾಗಿಸುತ್ತಿದ್ದರು.

ಅವರು ನಿಜವಾಗಿ ಹೋದಾಗ ಸಿಂಚನಾ, ನೀನಿನ್ನೂ ಅಂಬೆಗಾಲಿಡುತ್ತಿದ್ದೆ. ಪ್ರಣವ ಹುಟ್ಟಿರಲಿಲ್ಲ. ಅಂದು ನಾನು ಪಿಸುಗುಟ್ಟಲಿಲ್ಲ, ಮೂರಕ್ಕೆ ನಿಲ್ಲಿಸಲೂ ಇಲ್ಲ. ಅವರು ಕಣ್ಣು ಬಿಡಲಿಲ್ಲ. ಈ ಸಲವಾದರೂ ಪಾತ್ರ ಕೆಡಿಸಬಾರದೆಂದು ಗಟ್ಟಿ ಮನಸ್ಸು ಮಾಡಿದ್ದರೆಂದು ಕಾಣುತ್ತದೆ.

ಈ ಹಾಳೆಗಳನ್ನು ಜೋಪಾನವಾಗಿಡಿ. ನಿಮ್ಮ ತಾತನ ಹೆಸರನ್ನು ನಾನು ಪೂರ್ತಿಯಾಗಿ ಬರೆದಿರುವುದು ಇದೊಂದರಲ್ಲೇ. ಬರೆಯುವ ಮೊದಲು ಎರಡು ಸಲ ಎದ್ದು ಹೋಗಿ ಬಾಗಿಲು ಹಾಕಿದೆಯೇ ಎಂದು ನೋಡಿ ಬಂದೆ. ಮನೆಯಲ್ಲಿ ಯಾರೂ ಇರಲಿಲ್ಲ.